ಲಟ್ಟಣಿಗೆ ನನ್ನ ಕೈಯಲ್ಲಿತ್ತು

ಹೆಸರು: ಬಿಸ್ಕತ್ತಜ್ಜಿ ಎಂದರೆ ನಮ್ಮ ಬೀದಿಯಲ್ಲಿ ಯಾರಾದರೂ ಮನೆ ತೋರಿಸುತ್ತಾರೆ.
ವಯಸ್ಸು: 64 ವರ್ಷ.
ಕಸುಬು: ಸೊಸೆಯ ಜೊತೆ ಸೇರಿ ಹಣ್ಣಿನ ಆಕಾರದ ಸಕ್ಕರೆ ಬಿಸ್ಕತ್ತು ಮಾಡಿ ಮಾರುವುದು. ಗೃಹಿಣಿ ಎಂದಷ್ಟೇ ಬರೆದರೆ ಸಾಲದು.
ವಾಸ: ಈಜುಕೊಳದ ಹಿಂದಿನ ರಸ್ತೆ, ಇಸ್ತ್ರಿ ಅಂಗಡಿಯ ಮೇಲಿನ ಮಹಡಿ.

ಮೇಲ್ಕಂಡ ನಾನು, ಯಾರೂ ಕರೆಯದಿದ್ದರೂ ನನ್ನ ಕಾಲ ಮೇಲೆ ನಾನೇ ನಡೆದು ಠಾಣೆಗೆ ಬಂದು, ಈ ಮೂಲಕ ತಿಳಿಸುವುದೇನೆಂದರೆ, ಈ ದಿನ ಮಧ್ಯಾಹ್ನ ನನ್ನ ಮಗನ ಬಲತೋಳಿಗೆ ಲಟ್ಟಣಿಗೆಯ ಏಟು ಬಿದ್ದಿರುವುದು ನಿಜ. ಹೊಡೆದವಳು ತನ್ನ ಹೆಂಡತಿ ಎಂದು ಅವನು ಕೊಟ್ಟಿರುವ ದೂರು ಸುಳ್ಳು. ಹೊಡೆದವಳು ನಾನು. ಹೀಗೆ ಹೇಳುವಾಗ ನನಗೆ ಜ್ವರವಿಲ್ಲ, ಅರಳುಮರಳೂ ಇಲ್ಲ. ಸಾಹೇಬರು ಎರಡು ಸಲ ಕೇಳಿದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಮನೆಯಲ್ಲಿ ನಾವು ಮೂವರು. ಮಗನಿಗೆ 37 ವರ್ಷ, ಸೋಫಾ ಮಂಚ ಮಾರುವ ಷೋರೂಮಿನಲ್ಲಿ ಕೆಲಸ. ಸೊಸೆ ಮನೆಗೆ ಬಂದು ಒಂಬತ್ತು ವರ್ಷವಾಯಿತು. ಈಗ ಮೂರು ಬೇಸಿಗೆಯಿಂದ ನಾನೂ ಅವಳೂ ಮನೆಯಲ್ಲೇ ಬಿಸ್ಕತ್ತು ಬೇಯಿಸಿ, ಅದರ ಮೇಲೆ ಬಣ್ಣದ ಐಸಿಂಗ್ ಹಾಕಿ, ಸಂಜೆ ಈಜುಕೊಳದ ಗೇಟಿನ ಪಕ್ಕ ಒಂದು ಮೇಜು ಹಾಕಿ ಮಾರುತ್ತೇವೆ. ಈಜಿ ಹಸಿದು ಹೊರಗೆ ಬರುವ ಮಕ್ಕಳು ನಮ್ಮ ಮೇಜಿಗೇ ಮುತ್ತುತ್ತವೆ. ನಿಂಬೆ, ಕಿತ್ತಳೆ, ಅನಾನಸ್, ದ್ರಾಕ್ಷಿ, ಕಲ್ಲಂಗಡಿ ಎಲ್ಲ ಇರುತ್ತವೆ. ಕಲ್ಲಂಗಡಿಗೆ ಬೇರೆ ಅಚ್ಚು ಇಲ್ಲ. ಕಿತ್ತಳೆಯ ದುಂಡನ್ನೇ ಚಾಕುವಿನಿಂದ ಎರಡು ಹೋಳು ಮಾಡುತ್ತೇನೆ.

ಈ ದಿನ ಬೆಳಿಗ್ಗೆ ಸುಮಾರು 6 ಗಂಟೆಗೆ ನಾನು ಬೆಣ್ಣೆ, ಸಕ್ಕರೆ, ಮೈದಾ ಕಲಸಿ, ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿಕೊಂಡು, ಲಟ್ಟಿಸಿ, ಅಚ್ಚು ಒತ್ತಿ ಓವನ್ನಿಗೆ ಇಟ್ಟೆನು. 9 ಗಂಟೆಗೆ ತಣ್ಣಗಾದವುಗಳನ್ನು ಸೊಸೆ ತನ್ನ ಕಡೆಗೆ ಎಳೆದುಕೊಂಡಳು. ಅವಳು ಮೊದಲು ಗಟ್ಟಿ ಐಸಿಂಗಿನಲ್ಲಿ ಅಂಚು ಕಟ್ಟುತ್ತಾಳೆ, ಆಮೇಲೆ ತೆಳು ಐಸಿಂಗನ್ನು ಒಳಗೆ ತುಂಬುತ್ತಾಳೆ. ಕಲ್ಲಂಗಡಿಯಾದರೆ ಅಂಚಿಗೆ ಹಸಿರು, ಅದರ ಒಳಗೆ ಎಳೆಯಷ್ಟು ಬಿಳಿ, ನಡುವೆ ಕೆಂಪು. ಬಿಳಿ ಒಣಗುವ ಮೊದಲೇ ಕೆಂಪು ಸುರಿದರೆ ಎರಡೂ ಕಲಸಿಹೋಗಿ ಹಣ್ಣು ಕೊಳೆತಂತೆ ಕಾಣುತ್ತದೆ. ಅದಕ್ಕೇ ಒಂದೊಂದು ಬಣ್ಣಕ್ಕೂ ಫ್ಯಾನಿನ ಕೆಳಗೆ ಕಾಯಬೇಕು. ಕೊನೆಗೆ ಹಲ್ಲುಕಡ್ಡಿಯ ತುದಿಯಲ್ಲಿ ಕಪ್ಪು ಬೀಜ ಇಡುತ್ತಾಳೆ. ಅವಳು ಬೀಜ ಇಡುವಾಗ ನಾನು ಗಟ್ಟಿಯಾಗಿ ಕೆಮ್ಮುವುದೂ ಇಲ್ಲ.

ಮಧ್ಯಾಹ್ನ 12:50ಕ್ಕೆ ಮಗ ಬಂದನು. ಅವನು ಮಧ್ಯಾಹ್ನ ಮನೆಗೆ ಬರುವವನಲ್ಲ, ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಾನೆ. ಮುಖ ಕೆಂಡದ ಹಾಗಿತ್ತು. ಹೊಟ್ಟೆನೋವೇನೋ ಎಂದು ಕೇಳಿದೆನು. ಅವನು ಅಡಿಗೆಮನೆ ಬಾಗಿಲಲ್ಲೇ ನಿಂತು ಹೇಳಿದ್ದು ಏನೆಂದರೆ, ಅವನ ಮ್ಯಾನೇಜರರ ಹೆಂಡತಿ ನಿನ್ನೆ ನಮ್ಮ ಮೇಜಿನಿಂದ ಅನಾನಸ್ ಬಿಸ್ಕತ್ತು ಕೊಂಡುಹೋಗಿದ್ದರು. ಮ್ಯಾನೇಜರು ಅದನ್ನು ಇವತ್ತು ಮೀಟಿಂಗಿಗೆ ತಂದು ಎಲ್ಲರಿಗೂ ಹಂಚಿ, ಇದು ನಿಮ್ಮ ಮನೆಯವರು ಮಾಡಿದ್ದಂತೆ, ಬಹಳ ಚೆನ್ನಾಗಿದೆ ಎಂದರು. ಅಲ್ಲಿಂದ ಜೊತೆಯವರು ಇವನನ್ನು ಅನಾನಸ್ ಯಜಮಾನ್ರೇ ಎಂದು ಕರೆಯತೊಡಗಿದರು. ಮ್ಯಾನೇಜರು ಎಷ್ಟು ತಿಂದರು ಎಂದು ನಾನು ಕೇಳಿದೆನು. ಎರಡು ತಿಂದರು ಎಂದನು. ಹಾಗಾದರೆ ಸಂತೋಷಪಡಪ್ಪಾ, ಇದಕ್ಕೆ ಯಾಕೆ ಮುಖ ಊದಿಸಿಕೊಂಡಿದ್ದೀಯ ಎಂದೆನು.

ಅವನಿಗೆ ಅದು ಸರಿಬರಲಿಲ್ಲ. ತನ್ನ ಮಾನ ಬೀದಿಪಾಲಾಯಿತೆಂದೂ, ಹೆಂಡತಿ ಗೇಟಿನಲ್ಲಿ ನಿಂತು ಬಣ್ಣದ ಸಕ್ಕರೆ ಮಾರುತ್ತಾಳೆಂದು ಊರೆಲ್ಲ ಆಡಿಕೊಳ್ಳುತ್ತಿದೆಯೆಂದೂ, ಈ ಬೊಂಬೆಯಾಟ ಇವತ್ತಿಗೇ ಸಾಕೆಂದೂ, ಸಂಜೆ ಮೇಜು ಹಾಕಿದರೆ ಕಾಲು ಮುರಿಯುತ್ತೇನೆಂದೂ ಕೂಗಾಡಿದನು. ಮೇಜಿನ ಕಾಲೋ ಇವಳ ಕಾಲೋ ಎಂದು ಕೇಳಿದೆನು.

ಸೊಸೆ ತಲೆ ಎತ್ತದೆ, ಇನ್ನೊಂದು ಸಾಲು ಬೀಜ ಇದೆ, ಇಟ್ಟು ಮುಗಿಸಿ ಮಾತಾಡುತ್ತೇನೆ ಎಂದಳು. ಸೊಕ್ಕಿನಿಂದ ಹೇಳಿದ್ದಲ್ಲ. ಬೀಜದ ಐಸಿಂಗ್ ಕಡ್ಡಿಯಲ್ಲೇ ಒಣಗಿಬಿಡುತ್ತದೆ, ಅದಕ್ಕೆ ಹೇಳಿದ್ದು. ಮಗ ನಿಂಬೆಯ ತಟ್ಟೆ ಎತ್ತಿ ಸಿಂಕಿಗೆ ಮಗುಚಿದನು. ಬೆಳಿಗ್ಗೆಯಿಂದ ಒಂದೊಂದಕ್ಕೂ ಎಂಟೆಂಟು ತೊಳೆ ಬರೆದ ನಿಂಬೆ ಅವು. ನೀರು ಬಿದ್ದು ಹಳದಿಯೆಲ್ಲ ತೂತಿನೊಳಗೆ ಇಳಿದುಹೋಯಿತು.

ನಂತರ ಅವನು ಕಲ್ಲಂಗಡಿಯ ತಟ್ಟೆಗೆ ಕೈಹಾಕಿದನು. ಸೊಸೆ ಎದ್ದು ತಟ್ಟೆಯ ಈಚೆ ತುದಿ ಹಿಡಿದುಕೊಂಡಳು. ಬಿಡು ಎಂದನು. ಬಿಡುವುದಿಲ್ಲ ಎಂದಳು. ಒಂಬತ್ತು ವರ್ಷದಲ್ಲಿ ಅವಳು ಆ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗ ತಟ್ಟೆ ಬಿಟ್ಟು ಬಲಗೈ ಎತ್ತಿದನು. ಎತ್ತಿದ ಕೈ ಅವಳ ಕೆನ್ನೆಗೆ ಒಂದು ಗೇಣು ದೂರದಲ್ಲಿತ್ತು. ನಾನು ಮೇಜಿನ ಆಚೆ ತುದಿಯಲ್ಲಿ ಎರಡನೆಯ ಸುತ್ತಿನ ಹಿಟ್ಟು ಲಟ್ಟಿಸುತ್ತಿದ್ದವಳು ಎರಡು ಹೆಜ್ಜೆ ಬಂದು ಅವನ ತೋಳಿಗೆ, ಮೊಣಕೈಗಿಂತ ಮೇಲೆ, ಭುಜಕ್ಕಿಂತ ಕೆಳಗೆ, ಒಂದು ಏಟು ಕೊಟ್ಟೆನು. ಅವನು ಅಯ್ಯೋ ಅಮ್ಮಾ ಎಂದು ಮೈದಾ ಚೀಲದ ಮೇಲೆ ಕುಳಿತನು. ಎರಡನೆಯ ಏಟು ಕೊಡಲಿಲ್ಲ. ಬೇಕಾಗಲಿಲ್ಲ.

ಸದ್ದು ಕೇಳಿ ಕೆಳಗಿನ ಇಸ್ತ್ರಿ ಅಂಗಡಿಯವರು ಮೆಟ್ಟಿಲು ಹತ್ತಿ ಬಂದು ಏನಾಯ್ತಕ್ಕಾ ಎಂದರು. ಏನಿಲ್ಲಪ್ಪಾ, ಮಗನಿಗೆ ಒಂದು ಕೊಟ್ಟೆ ಎಂದೆನು. ಅವರು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ನನ್ನ ಕೈಯಲ್ಲಿದ್ದ ಲಟ್ಟಣಿಗೆ ನೋಡಿ ನಗು ನಿಲ್ಲಿಸಿದರು. ಅವರನ್ನೂ ಕರೆಸಿ ಕೇಳಬಹುದು.

ಮಗ ಎದ್ದು ಡಾಕ್ಟರ ಹತ್ತಿರ ಹೋದನು. ಮೂಳೆಗೆ ಏನೂ ಆಗಿಲ್ಲ, ಊತ ಎರಡು ದಿನದಲ್ಲಿ ಇಳಿಯುತ್ತದೆ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಅಲ್ಲಿಂದ ನೆಟ್ಟಗೆ ಠಾಣೆಗೆ ಬಂದು ಹೆಂಡತಿ ಹೊಡೆದಳು ಎಂದು ದೂರು ಕೊಟ್ಟನು. 3:20ಕ್ಕೆ ಇಬ್ಬರು ಪೇದೆಗಳು ಮನೆಗೆ ಬಂದು ಸೊಸೆಯನ್ನು ಹೊರಡಲು ಹೇಳಿದರು. ಹೊಡೆದವಳು ಇಲ್ಲಿದ್ದೇನೆ ಎಂದು ನಾನು ಅಡ್ಡ ನಿಂತೆನು. ವಯಸ್ಸಾದವರು, ನೀವು ಒಳಗೆ ಹೋಗಿ ರೆಸ್ಟ್ ಮಾಡಿ ಅಮ್ಮಾ ಎಂದರು. ಸೊಸೆ ತಾನು ಹೊಡೆದಿಲ್ಲ ಎಂದೂ ಹೇಳಲಿಲ್ಲ, ಅತ್ತೆ ಹೊಡೆದರು ಎಂದೂ ಹೇಳಲಿಲ್ಲ. ನನ್ನನ್ನು ಬಿಟ್ಟುಕೊಡಬಾರದೆಂದು ತುಟಿ ಕಚ್ಚಿಕೊಂಡು ಜೀಪು ಹತ್ತಿದಳು. ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ನಾನು ಓವನ್ ಆರಿಸಿ, ಲಟ್ಟಣಿಗೆಯನ್ನು ತೊಳೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡು, ಆ ಬಿಸಿಲಿನಲ್ಲಿ ಒಂದೂವರೆ ಕಿಲೋಮೀಟರು ನಡೆದು ಬಂದೆನು. ಅದು ಈಗ ಸಾಹೇಬರ ಮೇಜಿನ ಮೇಲಿದೆ.

ಸಾಹೇಬರು ನನ್ನ ಮಾತು ನಂಬಲಿಲ್ಲ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಸೊಸೆಯ ತಲೆಗೆ ಇಲ್ಲದ್ದೆಲ್ಲ ಕಟ್ಟುವ ಅತ್ತೆಯರನ್ನು ನೋಡಿದ್ದೇನೆ, ಸೊಸೆಯದನ್ನು ಮೈಮೇಲೆ ಎಳೆದುಕೊಳ್ಳುವ ಅತ್ತೆಯನ್ನು ಇನ್ನೂ ನೋಡಿಲ್ಲ ಎಂದರು. ಹಾಗಾದರೆ ಇವತ್ತು ಕಣ್ತುಂಬ ನೋಡಿ ಎಂದೆನು.

ನಂಬದಿದ್ದರೆ ನಮ್ಮ ಕೆಲಸದ ರೀತಿಯನ್ನಾದರೂ ಬರೆದುಕೊಳ್ಳಲಿ ಎಂದು ಹೇಳುತ್ತೇನೆ. ಮೊದಲ ಬೇಸಿಗೆಯಲ್ಲಿ ಇಬ್ಬರೂ ಎಲ್ಲ ಕೆಲಸಕ್ಕೂ ಕೈಹಾಕುತ್ತಿದ್ದೆವು. ಹಿಟ್ಟು ಮುಟ್ಟಿದ ಕೈಯಲ್ಲೇ ಐಸಿಂಗ್ ಕಲಸಿದೆವು. ಬೆಣ್ಣೆಯ ಜಿಡ್ಡು ತಾಗಿದರೆ ಐಸಿಂಗ್ ಬಿಗಿಯುವುದೇ ಇಲ್ಲ ಎಂದು ನಮಗೇನು ಗೊತ್ತು? ಅವತ್ತಿನ ಕಿತ್ತಳೆಗಳ ಬಣ್ಣವೆಲ್ಲ ಇಳಿದು, ತಟ್ಟೆಯಲ್ಲಿ ಬರೀ ಅಂಟು. ಇಬ್ಬರೂ ನೆಲದ ಮೇಲೆ ಕುಳಿತು ಅತ್ತು, ಆಮೇಲೆ ನಕ್ಕೆವು. ಅವತ್ತು ಸೊಸೆ, ಅತ್ತೆ, ಇನ್ನು ನಿಮ್ಮದು ಹಿಟ್ಟಿನ ಕೈ, ನನ್ನದು ಸಕ್ಕರೆ ಕೈ ಎಂದಳು. ಅಲ್ಲಿಂದ ಇಲ್ಲಿಯವರೆಗೆ ಅವಳು ಲಟ್ಟಣಿಗೆ ಮುಟ್ಟಿಲ್ಲ, ನಾನು ಐಸಿಂಗ್ ಮುಟ್ಟಿಲ್ಲ. ಲಟ್ಟಣಿಗೆ ಕೆಳಗೆ ಉರುಳಿ ಬಿದ್ದರೂ, ಅತ್ತೆ ನಿಮ್ಮದು ಬಿತ್ತು ಎನ್ನುತ್ತಾಳೆಯೇ ಹೊರತು ಬಗ್ಗಿ ಎತ್ತಿಕೊಡುವುದಿಲ್ಲ.

ಏಟು ಬಿದ್ದಾಗ ಮಗ ತೊಟ್ಟಿದ್ದ ಅಂಗಿ, ಡಾಕ್ಟರು ಬಿಚ್ಚಿಸಿದ್ದು, ಠಾಣೆಯ ಹೊರಕೋಣೆಯಲ್ಲಿ ಕುರ್ಚಿಯ ಬೆನ್ನಿಗೆ ನೇತುಹಾಕಿತ್ತು. ತರಿಸಿ ನೋಡಿ ಎಂದೆನು. ಬಿಳಿ ಅಂಗಿ. ಬಲತೋಳಿನ ಮೇಲೆ ಅಡ್ಡಕ್ಕೆ ಮೈದಾದ ಪಟ್ಟೆ, ಅದರ ಕೆಳಗೆ ಬೆಣ್ಣೆಯ ಜಿಡ್ಡು, ಬೇರೇನೂ ಇಲ್ಲ. ಆ ಹೊತ್ತಿಗೆ ಸೊಸೆಯ ಎರಡು ಕೈಯೂ ಮಣಿಕಟ್ಟಿನವರೆಗೆ ಕೆಂಪು, ಹಸಿರು, ಕಪ್ಪು. ಅವಳು ಹಿಡಿದಿದ್ದ ತಟ್ಟೆಯ ಅಂಚಿಗೂ ಬಣ್ಣ ಹತ್ತಿದೆ. ಅವಳೇ ಹೊಡೆದಿದ್ದರೆ ಈ ಲಟ್ಟಣಿಗೆಯ ಹಿಡಿ ಬಣ್ಣವಾಗದೆ ಇರುತ್ತಿತ್ತೇ? ಸಾಹೇಬರು ಲಟ್ಟಣಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹೊರಗಿನ ಬೆಂಚಿನಲ್ಲಿದ್ದ ಮಗನನ್ನು ಕರೆಸಿ, ಹೊಡೆದದ್ದು ಯಾರು ಎಂದು ನನ್ನೆದುರೇ ಕೇಳಿದರು.

ಮಗ ಕೈಮುಗಿದು, ದೂರು ವಾಪಸು ತೆಗೆದುಕೊಳ್ಳುತ್ತೇನೆ, ಅಮ್ಮ ಹೊಡೆದರು ಎಂದು ಮಾತ್ರ ಬರೆಯಬೇಡಿ, ಆಫೀಸಿನಲ್ಲಿ ತಲೆ ಎತ್ತುವ ಹಾಗಿಲ್ಲ ಎಂದು ಬೇಡಿಕೊಂಡನು. ಅಷ್ಟೇ ಆಗಿದ್ದರೆ ಯೋಚಿಸುತ್ತಿದ್ದೆನೇನೋ. ಆದರೆ ಅದರ ಜೊತೆಗೇ, ಬೇಸಿಗೆ ಮುಗಿಯುವವರೆಗೆ ಹೆಂಡತಿ ತವರಿನಲ್ಲಿರಲಿ, ಬುದ್ಧಿ ಬಂದ ಮೇಲೆ ಬರಲಿ ಎಂದನು. ಬುದ್ಧಿ ಬರಬೇಕಾದದ್ದು ಯಾರಿಗೆ ಎಂದು ಕೇಳಿದೆನು. ಮನೆಯ ಬಾಡಿಗೆ ಕರಾರು ನನ್ನ ಹೆಸರಿನಲ್ಲಿದೆ. ಸೊಸೆ ಎಲ್ಲಿಗೂ ಹೋಗುವುದಿಲ್ಲ. ಆ ಮನೆಯಲ್ಲಿ ಇರಲಾಗದವನು ತನ್ನ ಬಟ್ಟೆಬರೆ ತೆಗೆದುಕೊಂಡು ಹೋಗಬಹುದು. ಹೆಂಡತಿಯ ಎದುರು ನಿಂತು, ತಪ್ಪಾಯಿತು, ಇನ್ನು ಕೈ ಎತ್ತುವುದಿಲ್ಲ ಎಂದು ಹೇಳಿ, ಅವಳು ಹೂಂ ಅಂದರೆ ಒಳಗೆ ಬರಬಹುದು. ಹೂಂ ಅನ್ನುವುದೂ ಬಿಡುವುದೂ ಅವಳ ಇಷ್ಟ, ನಾನು ಶಿಫಾರಸು ಮಾಡುವುದಿಲ್ಲ. ಇದು ನನ್ನ ಕಡೆಯ ಮಾತು.

ಇಷ್ಟರಲ್ಲಿ ಸಾಹೇಬರು ಸೊಸೆಗೆ ನೀನು ಹೋಗಬಹುದು ಎಂದರು. ಅವಳು ನನ್ನನ್ನು ಬಿಟ್ಟು ಕದಲಲಿಲ್ಲ. ನಾನೇ ಗದರಿದೆನು. ದ್ರಾಕ್ಷಿ, ಅನಾನಸ್ಸಿನ ತಟ್ಟೆಗಳು ಹಾಗೇ ಇವೆ, ಈಜುಕೊಳ ಮುಚ್ಚುವುದರೊಳಗೆ ಹೋಗಿ ಮೇಜು ಹಾಕು, ನನಗೇನೂ ಆಗುವುದಿಲ್ಲ, ಇಲ್ಲಿ ಫ್ಯಾನೂ ಇದೆ ಎಂದೆನು. 5:10ಕ್ಕೆ ಅವಳು ಹೊರಟಳು.

ಸಾಹೇಬರು ರಾಜಿ ಮಾಡಿಕೊಳ್ಳಿ ಎಂದರು. ಸಹಿ ಹಾಕಿದರೆ ಆರೋಪಿ ನೀವಾಗುತ್ತೀರಿ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ನಡುವೆ ನೀವು ಯಾಕಮ್ಮಾ, ಹೆತ್ತ ಮಗನ ಮೇಲೆ ಮಮತೆ ಇಲ್ಲವೇ ಎಂದರು. ಇದೆ. ಆ ತೋಳನ್ನು ಎಣ್ಣೆ ಹಚ್ಚಿ ನೀವಿ ಬೆಳೆಸಿದವಳು ನಾನು. ಅದರ ಮೇಲೆ ಏಟು ಬಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅದಕ್ಕೆ ಅಳುವುದಿದ್ದರೆ ಮನೆಗೆ ಹೋಗಿ ಅಳುತ್ತೇನೆ, ಇಲ್ಲಿ ಅಳುವುದಿಲ್ಲ.

ಉಂಡು ಮಲಗಿದರೆ ಮುಗಿಯುತ್ತದೆ ಎಂಬ ಗಾದೆಯನ್ನು ನಾನು ಇಪ್ಪತ್ತಾರು ವರ್ಷ ಉಂಡಿದ್ದೇನೆ. ಇವನ ತಂದೆ ನನ್ನ ಮೇಲೆ ಮೊದಲ ಸಲ ಕೈಮಾಡಿದ ದಿನ ನನ್ನ ಅತ್ತೆ ಪಕ್ಕದ ಕೋಣೆಯಲ್ಲೇ ಇದ್ದರು. ನಡುವೆ ಇದ್ದದ್ದು ಒಂದು ಪರದೆ. ಮಾರನೆಯ ಬೆಳಿಗ್ಗೆ ನನ್ನ ಊದಿದ ಮುಖ ನೋಡಿ, ಏನಾಯಿತು, ನನಗೆ ಏನೂ ಕೇಳಿಸಲಿಲ್ಲವಲ್ಲ ಎಂದರು. ಆಮೇಲೂ ಅವರಿಗೆ ಯಾವತ್ತೂ ಕೇಳಿಸಲಿಲ್ಲ. ನನ್ನ ಸೊಸೆ ಬಿಡುವುದಿಲ್ಲ ಎಂದದ್ದು ನನಗೆ ಕೇಳಿಸಿತು, ಎದ್ದ ಕೈಯೂ ಕಾಣಿಸಿತು. ಹಾಗೆಂದು ಬರೆದುಕೊಳ್ಳಬೇಕು.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ‘ಆವೇಶದಲ್ಲಿ ಹೊಡೆದಿರುತ್ತೇನೆ’ ಎಂದು ಬರೆದದ್ದನ್ನು ಹೊಡೆದುಹಾಕಿಸಿ, ‘ತಿಳಿದೇ ಹೊಡೆದಿರುತ್ತೇನೆ’ ಎಂದು ಬರೆಸಿದ್ದೇನೆ. ಉಳಿದದ್ದು ನಾನು ಹೇಳಿದ ಹಾಗೇ ಇದೆ, ಅಕ್ಷರಶಃ ಸತ್ಯವಾಗಿದೆ, ಇದರಿಂದ ಏನು ಬಂದರೂ ನನಗೇ ಬರಲಿ.

ಸ್ಥಳ: ಠಾಣೆ, ಕಿಟಕಿಯ ಪಕ್ಕದ ಮೇಜು
ದಿನಾಂಕ: ಘಟನೆ ನಡೆದ ದಿನವೇ, ಸಂಜೆ 5:40

ಸಹಿ/-
ಬಿಸ್ಕತ್ತಜ್ಜಿ
ದೂರುದಾರನ ತಾಯಿ