ನುಕುರೀ ದ್ವೀಪದ ಮತಪೆಟ್ಟಿಗೆ ಮತ್ತು ನನ್ನ ಗಂಡ ತೆಮೋಸಿಯ ಸಾವಿನ ಬಗ್ಗೆ

ಹೇಳಿಕೆ ಕೊಡುವವರು: ಸೆಲೈನಾ ತೊವಾಕೆ, ತೆಮೋಸಿ ತೊವಾಕೆಯ ಹೆಂಡತಿ, ವಯಸ್ಸು ನಲವತ್ತೊಂದು, ಕಸುಬು ಚಾಪೆ ಹೆಣೆಯುವುದು ಮತ್ತು ಕೊಬ್ಬರಿ ಒಣಗಿಸುವುದು, ವಾಸ ಪಡುವಣ ಕೇರಿ, ನುಕುರೀ ದ್ವೀಪ, ವೈರೋವಾ ದೇಶ.

ಮತಾರೇ ಬಂದರು ಠಾಣೆಗೆ ನಾನಾಗಿಯೇ ಬಂದು ಸಾರ್ಜೆಂಟ್ ಪೌಲಿಯಾಸಿ ಅವರ ಮುಂದೆ ಕುಳಿತು ಬರೆಸುವುದೇನೆಂದರೆ:

ನಾನು ಮದುವೆಯಾದಂದಿನಿಂದ ನುಕುರೀಯಲ್ಲಿ ವಾಸವಾಗಿದ್ದೇನೆ. ನನ್ನ ಗಂಡನಿಗೆ ಸ್ವಂತ ದೋಣಿ ಇತ್ತು. ನಮಗೆ ಮಕ್ಕಳಿಲ್ಲ. ನನ್ನ ತವರು ಇದೇ ಮತಾರೇ ದ್ವೀಪ. ಇಲ್ಲಿ ನನ್ನ ತಾಯಿ ಮತ್ತು ತಮ್ಮ ಲೇಪಾನಿ ಇದ್ದಾರೆ. ಲೇಪಾನಿಗೆ ಮೂವತ್ತಮೂರು ವರ್ಷ. ಅವನು ಆಡಳಿತ ಪಕ್ಷದ ಶಾಸನಸಭಾ ಸದಸ್ಯರಾದ ಎನೋಕಾ ತಾಮರೂ ಅವರ ಮೀನಿನ ಮಂಡಿಯಲ್ಲಿ ದೋಣಿ ನಡೆಸುತ್ತಾನೆ.

ಕಳೆದ ಶನಿವಾರ, ನವೆಂಬರ್ ಹದಿನಾಲ್ಕರಂದು ಶಾಸನಸಭೆಯ ಮಧ್ಯಾವಧಿ ಚುನಾವಣೆ ನಡೆಯಿತು. ಇದು ಸಭೆಯ ಅರ್ಧ ಸೀಟುಗಳಿಗೆ ಮಾತ್ರ. ಇದರಿಂದ ಪ್ರಧಾನಿ ಬದಲಾಗುವುದಿಲ್ಲವೆಂದು ನಮ್ಮ ಕಡೆ ಯಾರೂ ಹೆಚ್ಚಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ಸಲ ಹಾಗಿರಲಿಲ್ಲ. ನಮ್ಮ ಹವಳದ ದಿಬ್ಬದ ಆಚೆಗೆ ಸಮುದ್ರದ ತಳವನ್ನು ಅಗೆಯಲು ಹೊರದೇಶದ ಹಡಗುಗಳಿಗೆ ಅನುಮತಿ ಕೊಡುವ ಮಸೂದೆ ಸಭೆಯ ಮುಂದಿತ್ತು. ಸರ್ಕಾರ ಒಂದು ಸೀಟು ಕಳೆದುಕೊಂಡರೂ ಮಸೂದೆ ಬೀಳುತ್ತದೆ ಎಂದು ರೇಡಿಯೋದವರು ಹೇಳುತ್ತಿದ್ದರು. ನಮ್ಮ ಭಾಗದ ಎನೋಕಾ ಅವರ ಸೀಟು ಅಲುಗಾಡುತ್ತಿತ್ತು. ನುಕುರೀಯವರು ಮೀನು ಹಿಡಿದು ಬದುಕುವವರು. ನಾವು ಯಾರಿಗೆ ಹಾಕುತ್ತೇವೆಂಬುದು ಎಲ್ಲರಿಗೂ ಗೊತ್ತಿತ್ತು.

ಹೊರದ್ವೀಪಗಳಿಂದ ಮತಪೆಟ್ಟಿಗೆಯನ್ನು ಎಣಿಕೆಗಾಗಿ ಮತಾರೇಗೆ ದೋಣಿಯಲ್ಲಿ ತರುವಾಗ ಊರಿನ ಒಬ್ಬರು ಸಾಕ್ಷಿಯಾಗಿ ಜೊತೆಗೆ ಹೋಗಬೇಕೆಂದು ಕಾನೂನಿದೆ. ಗಂಡನ ಮನೆ ಒಂದು ಪಕ್ಷ, ತವರು ಇನ್ನೊಂದು ಪಕ್ಷವಾದ್ದರಿಂದ ಎರಡೂ ಕಡೆಯವರು ನನ್ನ ಹೆಸರಿಗೆ ಒಪ್ಪಿದರು. ದೋಣಿ ನನ್ನ ಗಂಡನದು.

ಬೆಳಿಗ್ಗೆ ಚರ್ಚಿನ ಹಜಾರದಲ್ಲಿ ಮತದಾನ ಶುರುವಾಯಿತು. ಸಾಲಿನಲ್ಲಿದ್ದ ಒಬ್ಬ ಮುದುಕರು ಮೊನ್ನೆ ತಾನೇ ವೋಟು ಹಾಕಿದ್ದೆವಲ್ಲ, ಮತ್ತೆ ಯಾಕೆ ಎಂದು ಕೇಳಿದರು. ಆಗ ತೆಮೋಸಿಯು, “ಅದು ಪೂರ್ತಿ ಚುನಾವಣೆ ತಾತಾ, ಇದು ಅರ್ಧ. ನಿನಗೂ ಅರ್ಧ ಹಲ್ಲೇ ತಾನೇ ಉಳಿದಿರೋದು, ಸರಿಹೋಯ್ತು ಬಿಡು” ಎಂದನು. ಎಲ್ಲರೂ ನಕ್ಕರು. ಮುದುಕರು ಕೋಲೆತ್ತಿದರು. ಮತದಾನವು ಶಾಂತವಾಗಿಯೇ ನಡೆಯಿತು ಎಂದು ತಿಳಿಸಲು ಇದನ್ನು ಬರೆಸುತ್ತಿದ್ದೇನೆ.

ಮಧ್ಯಾಹ್ನ ಒಂದು ಗಂಟೆಗೆ ಚುನಾವಣಾಧಿಕಾರಿ ರುತಾ ಕಪೇನೆ ಅವರು ಎಲ್ಲರೆದುರು ಪೆಟ್ಟಿಗೆಗೆ ಅರಗಿನ ಮುದ್ರೆ ಹಾಕಿದರು. ಒಟ್ಟು ನೂರ ಅರವತ್ತಮೂರು ಜನ ಮತ ಹಾಕಿದ್ದರು. ರುತಾ ಅವರು ಶಾಲೆಯಲ್ಲಿ ಟೀಚರು, ಸಣ್ಣ ವಯಸ್ಸಿನವರು, ಅವರಿಗೆ ದೋಣಿಯೆಂದರೆ ಭಯ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಕುಳಿತರು. ದೋಣಿ ಹೊರಟ ಮೇಲೆ ತೆಮೋಸಿಯು, “ಟೀಚರೇ, ಮಗೂನ ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀರಲ್ಲ, ಹಾಲು ಕುಡಿಸೋ ಹೊತ್ತಾಯ್ತಾ?” ಎಂದು ಕೇಳಿದನು. ಅವರ ಭಯ ಹೋಗಲಿ ಎಂದು ಕೇಳಿದ್ದು. ಅವರು ನಕ್ಕರು. ನಾನು ಅವರಿಗೆ ಬೇಯಿಸಿದ ಗೆಣಸು ಕೊಟ್ಟೆನು. ಆ ದಿನ ಗಾಳಿ ಇರಲಿಲ್ಲ. ಸಮುದ್ರವು ಬಟ್ಟಲಲ್ಲಿ ಹೊಯ್ದಿಟ್ಟ ಎಣ್ಣೆಯ ಹಾಗೆ ನಿಂತಿತ್ತು.

ಅರ್ಧ ದಾರಿ ಸಾಗಿದಾಗ ಮತಾರೇ ಕಡೆಯಿಂದ ಎರಡು ಎಂಜಿನಿನ ಹಳದಿ ದೋಣಿಯೊಂದು ಬಂದು ನಮಗೆ ಅಡ್ಡ ನಿಂತಿತು. ಅದರಲ್ಲಿ ನಾಲ್ವರು ಇದ್ದರು. ನಾಲ್ವರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು. ಎಂಜಿನಿನ ಹತ್ತಿರ ನಿಂತಿದ್ದವನು ನನ್ನ ಕಡೆ ತಿರುಗಿ, “ಅಕ್ಕಾ, ಪೆಟ್ಟಿಗೆ ಕೊಟ್ಟುಬಿಡಿ. ಯಾರಿಗೂ ಏನೂ ಮಾಡಲ್ಲ” ಎಂದನು. ನನ್ನನ್ನು ಅಕ್ಕ ಎಂದು ಕರೆಯುವವನು ಭೂಮಿಯ ಮೇಲೆ ಒಬ್ಬನೇ. ಅವನು ನನ್ನ ತಮ್ಮ ಲೇಪಾನಿ. ಉಳಿದ ಮೂವರ ಗುರುತು ನನಗೆ ಹತ್ತಲಿಲ್ಲ.

ತೆಮೋಸಿಯೂ ಅವನನ್ನು ಗುರುತಿಸಿ, “ಏನೋ ಲೇಪಾನಿ, ಮುಖಕ್ಕೆ ಬಟ್ಟೆ? ಹಲ್ಲುನೋವಾ? ಬಿಚ್ಚೋ, ಭಾವನ ಹತ್ರ ಎಂಥ ನಾಚಿಕೆ” ಎಂದನು. ಲೇಪಾನಿಯ ಪಕ್ಕದಲ್ಲಿದ್ದ ದಪ್ಪ ಆಸಾಮಿಯು ಮಾತು ಸಾಕು, ಕೊಡುತ್ತೀರೋ ಇಲ್ಲವೋ ಎಂದು ಕೇಳಿದನು. ತೆಮೋಸಿಯು ನಗುವುದನ್ನು ನಿಲ್ಲಿಸಿ, “ಇದು ನನ್ನದಲ್ಲ ಕೊಡೋದಕ್ಕೆ. ದಾರಿ ಬಿಡಿ” ಎಂದನು.

ಆಗ ದಪ್ಪ ಆಸಾಮಿಯು ನಮ್ಮ ದೋಣಿಗೆ ಹಾರಿ, ಎಂಜಿನಿನ ಎಣ್ಣೆ ಕೊಳವೆಯನ್ನು ಕಿತ್ತು ನೀರಿಗೆ ಎಸೆದನು. ಅನಂತರ ಮರದ ತುಂಡಿನಿಂದ ರುತಾ ಟೀಚರ ತೋಳಿಗೆ ಹೊಡೆದನು. ಮೂಳೆ ಮುರಿದ ಶಬ್ದ ನನಗೆ ಕೇಳಿಸಿತು. ಆದರೂ ಟೀಚರು ಪೆಟ್ಟಿಗೆ ಬಿಡಲಿಲ್ಲ. ಎರಡನೆಯ ಏಟಿಗೆ ಬಿಟ್ಟರು. ನಾನು ಅವನ ಅಂಗಿ ಹಿಡಿದೆಳೆದೆನು, ಅಂಗಿ ಹರಿಯಿತು. ಅವನು ಪೆಟ್ಟಿಗೆ ಸಮೇತ ಹಳದಿ ದೋಣಿಗೆ ಹಾರಿದನು. ತೆಮೋಸಿಯು ಪೆಟ್ಟಿಗೆಯ ಹಿಡಿಕೆಯನ್ನು ಒಂದು ಕೈಯಲ್ಲಿ ಹಿಡಿದಿದ್ದನು, ಇನ್ನೊಂದು ಕೈ ನಮ್ಮ ದೋಣಿಯ ಅಂಚಿನ ಮೇಲಿತ್ತು. ದಪ್ಪ ಆಸಾಮಿಯು “ಏರಿಸೋ, ಎಂಜಿನ್ ಏರಿಸೋ” ಎಂದು ಕೂಗಿದನು. ಲೇಪಾನಿ ಎಂಜಿನ್ ಏರಿಸಿದನು.

ತೆಮೋಸಿ ನೀರಿಗೆ ಬಿದ್ದನು. ಹಿಡಿಕೆ ಬಿಡದ ಕಾರಣ ಸ್ವಲ್ಪ ದೂರ ಎಳೆದುಕೊಂಡು ಹೋದರು. ಅವನ ತಲೆ ಹಳದಿ ದೋಣಿಯ ಮಗ್ಗುಲಿಗೆ ಬಡಿಯಿತು. ಆಮೇಲೆ ಕೈ ಬಿಟ್ಟನು. ಲೇಪಾನಿ ಹಿಂತಿರುಗಿ ನೋಡಿ “ಭಾವಾ!” ಎಂದು ಕಿರುಚಿ ಎಂಜಿನ್ ತಗ್ಗಿಸಿದನು. ದೋಣಿ ನಿಂತೇಬಿಟ್ಟಿತ್ತು. ಉಳಿದವರು ನಡಿ ನಡಿ ಎಂದರು. ಅವನು ನನ್ನನ್ನು ನೋಡಿದನು. ಮುಖದ ಬಟ್ಟೆ ಕೆಳಗೆ ಜಾರಿತ್ತು. ನಾನು ಬಾ ಎಂದು ಕೈ ಮಾಡಿದೆನು. ಅವನು ಮತ್ತೆ ಎಂಜಿನ್ ಏರಿಸಿ ಹೊರಟುಹೋದನು.

ನಾನು ನೀರಿಗೆ ಹಾರಿ ತೆಮೋಸಿಯನ್ನು ಹಿಡಿದು ದೋಣಿಗೆ ತಂದೆನು. ಟೀಚರು ಸರಿಯಿದ್ದ ಒಂದೇ ಕೈಯಲ್ಲಿ ಅವನ ಕೂದಲು ಹಿಡಿದು ಮೇಲಕ್ಕೆಳೆದರು. ಕಿವಿಯಿಂದ ರಕ್ತ ಬರುತ್ತಿತ್ತು. ನಾನು ಹುಟ್ಟು ಹಾಕತೊಡಗಿದೆನು. ತೆಮೋಸಿಗೆ ಒಮ್ಮೆ ಎಚ್ಚರವಾಗಿ, “ಪೆಟ್ಟಿಗೆ ಇದೆಯೇನೇ?” ಎಂದು ಕೇಳಿದನು. ನಾನು ಇದೆ, ಟೀಚರ ಹತ್ತಿರ ಇದೆ ಎಂದೆನು. ಅದು ಸುಳ್ಳು. ಹೇಳಿಕೆಯಲ್ಲಿ ಏನನ್ನೂ ಬಿಡಬಾರದೆಂದು ಅದನ್ನೂ ಬರೆಸಿದ್ದೇನೆ. ಅವನು ಹೂಂ ಎಂದನು. ಮತ್ತೆ ಮಾತನಾಡಲಿಲ್ಲ. ಮತಾರೇಯ ದೀಪಸ್ತಂಭ ಕಾಣುವ ಹೊತ್ತಿಗೆ ಜೀವ ಇರಲಿಲ್ಲ. ನಾನು ಹುಟ್ಟು ನಿಲ್ಲಿಸಲಿಲ್ಲ.

ಟೀಚರನ್ನು ಮತಾರೇ ಆಸ್ಪತ್ರೆಗೆ ಸೇರಿಸಿ ನಾನು ಹೆಣವನ್ನು ನುಕುರೀಗೆ ತಂದೆನು, ಅಂದು ಠಾಣೆಗೆ ಬರಲಿಲ್ಲ. ಭಾನುವಾರ ಸಂಜೆ ರೇಡಿಯೋದಲ್ಲಿ ಫಲಿತಾಂಶ ಹೇಳಿದರು. ನುಕುರೀ ದೋಣಿ ಬಿರುಗಾಳಿಗೆ ಸಿಕ್ಕಿ ಮತಪೆಟ್ಟಿಗೆ ಸಮುದ್ರದ ಪಾಲಾಗಿದೆ, ದೋಣಿಯವನು ಮುಳುಗಿ ಸತ್ತಿದ್ದಾನೆ, ಆ ಮತಗಳನ್ನು ಬಿಟ್ಟು ಎಣಿಸಿದಾಗ ಎನೋಕಾ ತಾಮರೂ ಅವರು ಮೂವತ್ತೊಂದು ಮತಗಳಿಂದ ಗೆದ್ದಿದ್ದಾರೆ ಎಂದರು. ಆಗ ನಾನು ಹೆಣಕ್ಕೆ ಎಣ್ಣೆ ಹಚ್ಚುತ್ತಿದ್ದೆನು. ಸೋಮವಾರ ಮಣ್ಣು ಮಾಡಿದೆವು.

ಬುಧವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಅಂಗಳದಲ್ಲಿ ನನ್ನ ತವರಿನವರು ತಲೆಯ ಮೇಲೆ ನಯವಾಗಿ ಹೆಣೆದ ಚಾಪೆ ಹೊದ್ದು ನೆಲದ ಮೇಲೆ ಕುಳಿತಿದ್ದರು. ನಮ್ಮಲ್ಲಿ ಕೊಲೆಯಾದಾಗ ತಪ್ಪು ಮಾಡಿದ ಮನೆಯವರು ಹೀಗೆ ಬಂದು ಕೂರುತ್ತಾರೆ. ನೊಂದ ಮನೆಯವರು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದಿದ್ದರೆ ಅವರು ಬಿಸಿಲಲ್ಲೇ ಕೂತಿರಬೇಕು. ನನ್ನ ಗಂಡನ ಅಣ್ಣ ಹೊಸೇಯಾ ಅವರು ಮನೆಯ ಹಿರಿಯರು. ಅವರು, “ಸತ್ತವನು ನಿನ್ನ ಗಂಡ, ಕೂತಿರೋನು ನಿನ್ನ ತಮ್ಮ. ನೀನು ಹೇಳಿದ ಹಾಗೆ” ಎಂದು ಒಳಗೆ ಹೋದರು.

ನಾನು ಮಧ್ಯಾಹ್ನದವರೆಗೆ ಎತ್ತಲಿಲ್ಲ. ಬಿಸಿಲು ಜೋರಾಗಿತ್ತು. ಚಾಪೆಯ ಅಂಚಿನಿಂದ ಹೊರಗೆ ಒಂದು ಜೊತೆ ಊದಿದ ಪಾದಗಳು ಕಾಣುತ್ತಿದ್ದವು. ಅವು ನನ್ನ ತಾಯಿಯವು. ಕೊನೆಗೆ ನಾನೇ ಹೋಗಿ ಚಾಪೆ ಎತ್ತಿದೆನು. ಲೇಪಾನಿ ನನ್ನ ಕಾಲು ಹಿಡಿದುಕೊಂಡು, “ಪೆಟ್ಟಿಗೆ ತರೋದಷ್ಟೇ ಅಂದ್ರು ಅಕ್ಕಾ. ಅರ್ಧ ಸೀಟಿನ ಚುನಾವಣೆ, ಸಣ್ಣ ದ್ವೀಪ, ಯಾರು ಕೇಳ್ತಾರೆ ಅಂದ್ರು. ಭಾವ ಕೈ ಬಿಡ್ತಾರೆ ಅಂದ್ಕೊಂಡೆ. ಯಾಕೆ ಬಿಡಲಿಲ್ಲ ಅಕ್ಕಾ ಅವರು?” ಎಂದು ಅತ್ತನು. ಪೆಟ್ಟಿಗೆಗೆ ಕಲ್ಲು ಕಟ್ಟಿ ದಿಬ್ಬದ ಆಚೆ ಮುಳುಗಿಸಿದೆವು ಎಂದೂ, ಹೀಗೆ ಮಾಡಲು ಹೇಳಿದವನು ಮಂಡಿಯ ಮೇಲ್ವಿಚಾರಕ ರಾಟು ವೆರೋ ಎಂದೂ ತಿಳಿಸಿದನು. ತನ್ನ ಜೊತೆಗಿದ್ದ ದಪ್ಪ ಆಸಾಮಿ ಅವನೇ ಎಂದನು. ಎನೋಕಾ ಅವರಿಗೆ ಇದು ಗೊತ್ತಿತ್ತೇ ಎಂದು ನಾನು ಕೇಳಿದೆನು. ಅವನು ತಲೆ ಎತ್ತಲಿಲ್ಲ. ಗೊತ್ತಿತ್ತು ಎಂದು ನಾನು ಬರೆಸುವುದಿಲ್ಲ, ಗೊತ್ತಿರಲಿಲ್ಲ ಎಂದೂ ಬರೆಸುವುದಿಲ್ಲ.

ಆಮೇಲೆ ಎರಡೂ ಮನೆಯವರು ಒಟ್ಟಿಗೆ ಕೂತು ಊಟ ಮಾಡಿದರು. ತವರಿನ ಕಡೆಯ ಸೋದರಮಾವನು, “ಚಾಪೆ ಎತ್ತಿದ್ದಾಯ್ತು. ಇನ್ನು ಠಾಣೆ ಗೀಣೆ ಅಂತ ಯಾರೂ ಬಾಯಿ ಬಿಡಬಾರದು” ಎಂದನು. ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ಊಟದ ಪಾತ್ರೆಗಳನ್ನು ಎತ್ತಿದೆನು.

ಅವರು ಹೋದ ಮೇಲೆ ಪಕ್ಕದ ಮನೆಯ ಮೆಲೆ ಬಂದಳು. ಅವಳ ಗಂಡ ಇಬ್ಬರು ಗಂಡುಮಕ್ಕಳೊಡನೆ ದಿಬ್ಬದ ಆಚೆ ಮೀನು ಹಿಡಿಯುತ್ತಾನೆ. ಅವಳು ಹೊಸ್ತಿಲ ಮೇಲೆ ಕೂತು, “ನಿನ್ನ ದುಃಖದ ಮುಂದೆ ಕೇಳಬಾರದು, ಆದ್ರೂ ಕೇಳ್ತೀನಿ ಸೆಲೈನಾ. ನಾವು ಹಾಕಿದ ವೋಟಿನ ಗತಿ ಏನು? ಜೊತೆಗೆ ಹೋಗು ಅಂತ ನಿನ್ನನ್ನ ಕಳಿಸಿದ್ದು ನಾವು” ಎಂದಳು. ಅಷ್ಟು ಹೇಳಿ ಎದ್ದು ಹೋದಳು.

ಈ ದಿನ ಗುರುವಾರ ಬೆಳಿಗ್ಗೆ ನಾನು ಹೊಸೇಯಾ ಅವರನ್ನು ಮತಾರೇಗೆ ದೋಣಿಯಲ್ಲಿ ಬಿಡಿ ಎಂದು ಕೇಳಿದೆನು. ಯಾಕೆ ಎಂದರು. ಠಾಣೆಗೆ ಎಂದೆನು. ಅವರಿಗೆ ಸಿಟ್ಟು ಬಂದು, “ತಲೆ ಕೆಟ್ಟಿದೆಯಾ? ನೀನೇ ಕೈಯಾರೆ ಚಾಪೆ ಎತ್ತಿದೆ. ಈಗ ಕೊಟ್ಟ ಮಾತಿಗೆ ತಪ್ಪಿದ್ರೆ ಎರಡೂ ಮನೆಯ ಮಾನ ಹೋಗುತ್ತೆ” ಎಂದರು. ನಾನು, “ಭಾವ, ನಾನು ಎತ್ತಿದ್ದು ತೆಮೋಸಿಯ ಲೆಕ್ಕಕ್ಕೆ. ಆ ಮಾತಿಗೆ ನಾನು ತಪ್ಪೋದಿಲ್ಲ. ಊರವರ ವೋಟಿಗೆ ಯಾರೂ ಬಂದು ಬಿಸಿಲಲ್ಲಿ ಕೂರಲಿಲ್ಲ. ಅದನ್ನ ಕ್ಷಮಿಸೋಕೆ ನಾನು ಯಾರು?” ಎಂದೆನು. ಅವರು ಬಹಳ ಹೊತ್ತು ಬಲೆ ಬಿಡಿಸುತ್ತಾ ಕುಳಿತಿದ್ದರು. ಆಮೇಲೆ ಎದ್ದು ದೋಣಿಯನ್ನು ನೀರಿಗೆ ತಳ್ಳಿದರು. ಈಗ ಠಾಣೆಯ ಹೊರಗೆ ಇದ್ದಾರೆ.

ರುತಾ ಟೀಚರ ತೋಳಿನ ಗಾಯದ ಬಗ್ಗೆ ಆಸ್ಪತ್ರೆಯವರನ್ನು ವಿಚಾರಿಸಬೇಕೆಂದೂ, ಶನಿವಾರ ಗಾಳಿ ಎಷ್ಟಿತ್ತೆಂದು ದೀಪಸ್ತಂಭದವರನ್ನು ಕೇಳಬೇಕೆಂದೂ, ದಿಬ್ಬದ ಆಚೆ ಪೆಟ್ಟಿಗೆಯನ್ನು ಹುಡುಕಿಸಬೇಕೆಂದೂ, ಸಿಗದಿದ್ದರೆ ನುಕುರೀಯಲ್ಲಿ ಮತ್ತೆ ಮತದಾನ ನಡೆಸುವಂತೆ ಮೇಲಿನವರಿಗೆ ಬರೆಯಬೇಕೆಂದೂ ಕೋರುತ್ತೇನೆ.

ಚಾಪೆ ಎತ್ತಿದವರು ದೂರು ಕೊಟ್ಟಿದ್ದನ್ನು ತಾನು ಈವರೆಗೆ ಕಂಡಿಲ್ಲ, ತಮ್ಮನ ಹೆಸರನ್ನು ಬಿಟ್ಟು ಅಪರಿಚಿತರು ಎಂದು ಬರೆಯಲೇ ಎಂದು ಸಾರ್ಜೆಂಟ್ ಅವರು ಕೇಳಿದರು. ಬೇಡ ಎಂದೆನು. ಅವನ ಮೇಲೆ ನಿನಗೆ ಇನ್ನೂ ಕೋಪವಿದೆಯೇ ಎಂದು ಕೇಳಿದರು. ಇಲ್ಲ ಎಂದೆನು. ಅವನಿಗೆ ಜೈಲಾದರೆ ಭಾನುವಾರಗಳಂದು ಸಮುದ್ರ ದಾಟಿ ಅವನಿಗೆ ಊಟ ತರುವವಳು ನಾನೇ, ತಾಯಿಗೆ ಕೈಲಾಗುವುದಿಲ್ಲ. ಹೆಸರು ಲೇಪಾನಿ, ಸಂಬಂಧ ತಮ್ಮ ಎಂದು ಬರೆಯಿರಿ ಎಂದೆನು. ಅವರು ಬರೆದರು.

ಬರೆದದ್ದನ್ನು ಸಾರ್ಜೆಂಟ್ ಅವರು ನನಗೆ ಗಟ್ಟಿಯಾಗಿ ಓದಿ ಹೇಳಿದರು. ನಾನು ಕಣ್ಣಾರೆ ಕಂಡದ್ದು ಮತ್ತು ಕಿವಿಯಾರೆ ಕೇಳಿದ್ದರ ಹೊರತು ಇದರಲ್ಲಿ ಬೇರೇನೂ ಸೇರಿಲ್ಲ. ಯಾರೂ ನನಗೆ ಹೇಳಿಕೊಟ್ಟಿಲ್ಲ, ಯಾರೂ ಹೆದರಿಸಿಲ್ಲ. ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಮತಾರೇ ಬಂದರು ಠಾಣೆ
ದಿನಾಂಕ: ನವೆಂಬರ್ 19, ಗುರುವಾರ

(ರುಜು) ಸೆಲೈನಾ ತೊವಾಕೆ

ನನ್ನ ಸಮಕ್ಷಮ: ಸಾರ್ಜೆಂಟ್ ಪೌಲಿಯಾಸಿ