ಅಪ್ಪ ಕೂರಿಸಿದ ಸ್ಪ್ರಿಂಗು

ಗ್ಯಾರೇಜಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಅಣ್ಣತಮ್ಮಂದಿರ ಮಾತಿಗೆ ಗೋಡೆಯ ಸುಣ್ಣವೇ ಹೆದರಿ ಉದುರಿತು. ಅಲುಗಾಡದೆ ಕೂತವನು ನಾನೊಬ್ಬನೇ. ನನ್ನ ಗುಂಡಿಗೆ ಅಂಥದ್ದು. ಎದುರಿಗೆ ಅವರಪ್ಪ ಬಿಟ್ಟುಹೋದ ಹಳೆಯ ಸ್ಪೋರ್ಟ್ಸ್ ಕಾರು ಜಾಕಿನ ಮೇಲಿತ್ತು; ಮೆಕ್ಯಾನಿಕ್ ಅದರ ಚಕ್ರಗಳ ಗಟ್ಟಿ ಸ್ಪ್ರಿಂಗು ಬಿಚ್ಚುತ್ತಿದ್ದ. ತಮ್ಮನ ಎದೆಗೆ ಪಟ್ಟಿ ಸುತ್ತಿತ್ತು.

“ಮೆತ್ತನೆ ಸ್ಪ್ರಿಂಗ್ ಹಾಕೋಣ ಅಂತ ಪಾನಾ ಹಿಡಿದಿದ್ದಕ್ಕೆ ಅಲ್ವಾ ಅಣ್ಣ, ನನ್ನ ಪಕ್ಕೆಲುಬು ಮುರಿದಿದ್ದು?”

“ಅಪ್ಪ ಕೈಯಾರೆ ಕೂರಿಸಿದ್ದು ಕಣೋ. ಕಲ್ಲಿನ ಹಾಗಿದ್ರೂ ಮುಟ್ಟಬೇಡ ಅಂದಿದ್ದೆ. ನೀನು ಮುಟ್ಟಿದೆ, ನಾನು ಒದ್ದೆ.”

“ಈಗ ನೀನೇ ಬಿಚ್ಚಿಸ್ತಿದ್ದೀಯ.”

“ಹಳ್ಳ ಸಿಕ್ಕಾಗೆಲ್ಲ ಹಂದಿ ಥರ ಕಿರುಚ್ತೀಯ, ಕೇಳೋಕಾಗಲ್ಲ. ಬಾಯ್ಮುಚ್ಚು, ಇನ್ನೊಂದು ಮುರೀತೀನಿ.”

“ಮುರಿ. ಆಸ್ಪತ್ರೆಗೆ ಹೊತ್ಕೊಂಡು ಹೋಗೋನೂ ನೀನೇ.”

ಮೆಕ್ಯಾನಿಕ್ ಹೊಸ ಸ್ಪ್ರಿಂಗು ಕೂರಿಸಿ ಕಾರು ಇಳಿಸಿದ. ಅಣ್ಣ ಹಳೆಯವನ್ನು ಕೂಸಿನ ಹಾಗೆ ಎತ್ತಿ ಡಿಕ್ಕಿಯಲ್ಲಿಟ್ಟ.

“ನಿನ್ನ ಮೂಳೆ ಕೂಡಿದ ದಿನಾನೇ ಇವನ್ನ ವಾಪಸ್ ಹಾಕಿಸ್ತೀನಿ.”

“ಹಾಕ್ಸು. ಅವತ್ತೇ ನಿನ್ನ ಪಕ್ಕೆಲುಬು ಮುರೀತೀನಿ. ಮಾರನೇ ದಿನ ಮೆತ್ತನೇದು ಬೇಕು ಅಂತ ನೀನೇ ತೆವಳ್ಕೊಂಡು ಬರ್ತೀಯ.”

ತಮ್ಮನ ತಲೆಗೆ ಬಾಗಿಲು ತಾಗದಂತೆ ಕೈ ಅಡ್ಡ ಹಿಡಿದು ಅಣ್ಣ ಅವನನ್ನು ಒಳಗೆ ಕೂರಿಸಿದ. ಗೇಟಿನ ಹಳ್ಳದಲ್ಲಿ ಕಾರು ಇಳಿದು ಏರಿತು. ಮೂರು ಬೀದಿಯಾಚೆ ಇರುವೆ ಸೀನಿದರೂ ಕೇಳುವ ನನ್ನ ಕಿವಿಗೆ ಯಾವ ಕಿರುಚಾಟವೂ ಕೇಳಲಿಲ್ಲ.