ಆರಿಸದ ಕಿರೀಟ

ಹುಡುಗಿಯರು ಉರಿಯುವ ಮೇಣದಬತ್ತಿಗಳ ಕಿರೀಟ ತೊಟ್ಟು ಹಾಡುವ ಲೂಸಿಯಾ ಹಬ್ಬದ ಬೆಳಿಗ್ಗೆ, ಸ್ವೀಡನ್ನಿನ ಫಾಲೂನ್ ಊರಿನ ಆಸ್ಪತ್ರೆಯಲ್ಲಿ ಸರದಿಗೆ ಕೂತಿದ್ದೆ. ಪಕ್ಕದಲ್ಲಿ ಒಬ್ಬಾಕೆ ತನ್ನ ತಾಯಿಯ ಮೇಲೆ ಸಿಡುಕುತ್ತಿದ್ದಳು.

"ಕಿರೀಟದ ಬಿಸಿ ಮೇಣ ಹಣೆಗೆ ಬಿದ್ದು ನನ್ ಮಗು ಸಿಗ್ರಿಡ್ ಎಚ್ಚರ ತಪ್ಪಿದ್ರೆ ಮಲಗಿಸ್ಬೇಕು ತಾನೇ ಅಮ್ಮಾ?"

"ತಲೆ ಮೇಲೆ ಏಳು ಮೇಣದಬತ್ತಿ ಉರೀತಿತ್ತಲ್ಲೇ!"

"ಊದಿ ಆರಿಸೋಕೇನಾಗಿತ್ತು?"

"ಹಾಡು ಮುಗಿಯೋ ಮುಂಚೆ ಲೂಸಿಯಾ ದೀಪ ಯಾರಾದ್ರೂ ಆರಿಸ್ತಾರಾ?"

"ಅದಕ್ಕೆ ಹಾಡು ಮುಗಿಯೋವರೆಗೂ ನೀನು ಅವಳನ್ನ ನಿಲ್ಲಿಸಿ ಹಿಡ್ಕೊಂಡ್ಯಾ! ನಾಡಿ ಮೂವತ್ತಕ್ಕೆ ಇಳಿದು, ನಿಂತೇ ಇದ್ದಿದ್ದಕ್ಕೆ ತಲೆಗೆ ರಕ್ತಾನೇ ಹೋಗ್ಲಿಲ್ವಂತೆ."

"ಚಿಕ್ಕವಳಿದ್ದಾಗ ನಿನ್ನನ್ನೂ ಹಾಗೇ ಹಿಡ್ಕೊಂಡಿದ್ದೆ. ಚೆನ್ನಾಗೇ ಇದ್ದೀಯಲ್ಲ!"

"ಆಗ ನಂಗೆ ಹಾಡು ಕೇಳಿಸ್ತಿತ್ತಮ್ಮ. ಮಲಗಿಸು ಅನ್ನೋಕೆ ನಾಲಿಗೆ ಏಳ್ಲಿಲ್ಲ."



"ಸಿಗ್ರಿಡ್ ಮನೆಯವರು ಬನ್ನಿ," ಎಂದು ನರ್ಸ್ ಕರೆದರು.

ಮಗಳು ಓಡಿದಳು. ಅಜ್ಜಿ ಮಡಿಲಲ್ಲಿದ್ದ ಕಿರೀಟವನ್ನು ಕುರ್ಚಿಯಡಿಗೆ ತಳ್ಳಿ, ಅವಳ ಹಿಂದೆ ನಡೆದಳು.